ಬೀಜದ ಕೋಣೆಯ ತೇವ ತೆಗೆಯುವ ಯಂತ್ರ: ಉಷ್ಣತೆಯ ಸೆನ್ಸರ್ ಕೆಟ್ಟರೆ ಪತ್ತೆ ಹಚ್ಚುವುದು ಹೇಗೆ?

ಬಿತ್ತನೆ ಬೀಜಕ್ಕಿರುವ ಶತ್ರುಗಳಲ್ಲಿ ಹುಳು, ಇಲಿಗಳು ಕಣ್ಣಿಗೆ ಕಾಣುತ್ತವೆ. ತೇವ ಕಾಣುವುದಿಲ್ಲ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಚೀಲಕ್ಕೆ ತುಂಬಿದ ಬೀಜವೂ ಮಳೆಗಾಲದ ಗಾಳಿಯಿಂದ ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ. ಬೀಜದ ತೇವಾಂಶ ಶೇ. 14 ರಿಂದ 5 ರವರೆಗಿನ ಮಿತಿಯಲ್ಲಿ ಶೇ. 1 ರಷ್ಟು ಇಳಿದರೆ ಅದರ ಆಯುಷ್ಯ ಸುಮಾರು ಎರಡರಷ್ಟಾಗುತ್ತದೆಂದು ಅಮೆರಿಕದ ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ತೋರಿಸಿಕೊಟ್ಟಿದ್ದಾರೆ. ಇದನ್ನೇ ತಿರುಗಿಸಿ ಹೇಳುವುದಾದರೆ, ಶೇ. 1 ರಷ್ಟು ತೇವ ಏರಿದರೆ ಬೀಜದ ಆಯುಷ್ಯ ಅರ್ಧವಾಗುತ್ತದೆ. ಟೊಮೆಟೊ, ಮೆಣಸಿನಕಾಯಿ, ಬದನೆ ಬೀಜಗಳ ತೇವಾಂಶ ಸಾಮಾನ್ಯ ಚೀಲಗಳಲ್ಲಿ ಶೇ. 8 ನ್ನೂ, ಗಾಳಿಯಾಡದ ಡಬ್ಬಗಳಲ್ಲಿ ಶೇ. 6 ನ್ನೂ ಮೀರಕೂಡದೆಂದು ಬೀಜ ಪ್ರಮಾಣೀಕರಣದ ನಿಯಮವಿದೆ. ರಾಗಿಗೆ ಈ ಮಿತಿ ಶೇ. 12.

ರಾಗಿಯ ವಿಷಯದಲ್ಲಿ ನಮ್ಮ ಹಿರಿಯರು ಹೆಚ್ಚು ತಲೆಕೆಡಿಸಿಕೊಂಡವರಲ್ಲ. ಒಣಗಿದ ರಾಗಿಯನ್ನು ಹಗೇವಿಗೆ ಸುರಿದು, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೊಂದರೆ ಇರುವುದು ತರಕಾರಿ ಬೀಜಗಳಲ್ಲಿ. ಅದರಲ್ಲೂ ಈರುಳ್ಳಿ, ಮೆಣಸಿನಕಾಯಿಯಂತಹ ಅಲ್ಪಾಯುಷಿ ಬೀಜಗಳು ಒಂದು ಮಳೆಗಾಲದ ತೇವಕ್ಕೇ ಸೋತುಬಿಡುತ್ತವೆ.

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಕಡೆಗಿರುವ ಹೇರೋಹಳ್ಳಿ ಬೆಂಗಳೂರು ಉತ್ತರ ತಾಲ್ಲೂಕಿನ ಯಶವಂತಪುರ ಹೋಬಳಿಯ ಗ್ರಾಮ. ಈಗ ಸುತ್ತಲೂ ಬಡಾವಣೆಗಳು. ಕಣವಿದ್ದ ಜಾಗದಲ್ಲಿ ಮನೆಗಳೆದ್ದಿವೆ, ಗೋಡೆಗೆ ಗೋಡೆ ಅಂಟಿಕೊಂಡಿದೆ. ನೆಲಮಾಳಿಗೆಯ ಕೋಣೆಗಳಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಜಡಿಮಳೆಯಲ್ಲಿ ಗೋಡೆಯೇ ಬೆವರುತ್ತದೆ. ಊರಲ್ಲಿ ವಾಸ, ಮಾಗಡಿ ತಾಲ್ಲೂಕಿನಲ್ಲಿ ಜಮೀನು ಎಂಬ ಸ್ಥಿತಿಯಲ್ಲಿರುವ ಇಂತಹ ಕುಟುಂಬಗಳಲ್ಲಿ ಕೆಲವರು ಮನೆಬಳಕೆಯ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಸಣ್ಣ ಯಂತ್ರವನ್ನು ಕೊಂಡಿದ್ದಾರೆ. ಬಟ್ಟೆಬರೆಗೆಂದು ತಂದದ್ದು ಬೀಜದ ಕೋಣೆಗೂ ಉಪಯೋಗಕ್ಕೆ ಬರುತ್ತಿದೆ.

ಅಂತಹ ಒಂದು ಮನೆಗೆ ನಾನು ಮಳೆಗಾಲದಲ್ಲಿ ಹೋಗಿದ್ದೆ. ಬೇಸಿಗೆ ಬೆಳೆಗೆಂದು ತೆಗೆದಿಟ್ಟಿದ್ದ ಟೊಮೆಟೊ, ಮೆಣಸಿನಕಾಯಿ ಬೀಜ, ಮೂರು ಚೀಲ ಜಿ.ಪಿ.ಯು.-28 ರಾಗಿ, ಒಂದಿಷ್ಟು ಅವರೆ ಆ ಕೋಣೆಯಲ್ಲಿದ್ದವು. ಯಂತ್ರದ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಬಕೆಟಿನಲ್ಲಿ ಮಾತ್ರ ನೀರಿಲ್ಲ. "ಗ್ಯಾಸ್ ಹೋಗಿದೆಯಂತೆ ಸಾರ್, ತುಂಬಿಸಬೇಕಂತೆ. ಅದರ ಬದಲು ಹೊಸದನ್ನೇ ತೊಗೊಳ್ಳಿ ಅಂತಾರೆ" ಎಂದರು ಮನೆಯ ಯಜಮಾನರು. ಅವರ ತಾಯಿ, "ನಾಲ್ಕು ದಿನದಿಂದ ಹೀಗೇ ಇದೆ ಕಣಪ್ಪ, ಬೀಜ ಮುಟ್ಟಿದರೆ ಮೆತ್ತಗಿದೆ" ಎಂದರು. ಹಿಂಬದಿಯ ಜಾಲರಿಯಿಂದ ಟಾರ್ಚು ಹಾಕಿ ನೋಡಿದಾಗ ಒಳಗಿನ ಕಾಯಿಲ್ ಪೂರ್ತಿ ಬೆಳ್ಳಗೆ ಮಂಜುಗಡ್ಡೆಯಾಗಿತ್ತು. ಗ್ಯಾಸ್ ಹೋಗಿದ್ದರೆ ಹೀಗಾಗುವುದಿಲ್ಲ. ಏಕೆಂಬುದನ್ನು ತಿಳಿಯಲು ಯಂತ್ರ ಕೆಲಸ ಮಾಡುವ ಬಗೆಯನ್ನು ಮೊದಲು ನೋಡೋಣ.

ಯಂತ್ರದೊಳಗೆ ನಡೆಯುವುದೇನು?

ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. ಈ ಯಂತ್ರದ ಕೆಲಸವೂ ಅಷ್ಟೆ. ಫ್ಯಾನು ಕೋಣೆಯ ಗಾಳಿಯನ್ನು ಎಳೆದು ತಣ್ಣನೆಯ ಕಾಯಿಲ್ ಮೇಲೆ ಹಾಯಿಸುತ್ತದೆ. ಗಾಳಿಯಲ್ಲಿನ ಆವಿ ಹನಿಯಾಗಿ ಬಕೆಟಿಗೆ ಇಳಿಯುತ್ತದೆ. ಒಣಗಿದ ಗಾಳಿ ಮುಂದಿನ ಬಿಸಿ ಕಾಯಿಲನ್ನು ದಾಟಿ, ತುಸು ಬೆಚ್ಚಗಾಗಿ ಹೊರಬರುತ್ತದೆ. ಕಂಪ್ರೆಸರ್, ಗ್ಯಾಸ್ ಎಲ್ಲವೂ ರೆಫ್ರಿಜರೇಟರಿನಂತೆಯೇ.

ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಹನಿ ಹನಿಯಾಗಿ ಉಳಿಯದೆ ಮಂಜುಗಡ್ಡೆಯಾಗುತ್ತದೆ. ಗಡ್ಡೆ ಕಟ್ಟಿದಂತೆಲ್ಲ ಗಾಳಿಗೆ ದಾರಿ ಮುಚ್ಚುತ್ತದೆ. ದಾರಿ ಮುಚ್ಚಿದಂತೆಲ್ಲ ಕಾಯಿಲ್ ಇನ್ನೂ ತಣ್ಣಗಾಗುತ್ತದೆ. ಇದನ್ನು ತಪ್ಪಿಸಲು ಕಾಯಿಲಿನ ಕೊಳವೆಗೆ ಒಂದು ಸಣ್ಣ ಉಷ್ಣತಾ ಸೆನ್ಸರನ್ನು ಕ್ಲಿಪ್ಪಿನಿಂದ ಸಿಕ್ಕಿಸಿರುತ್ತಾರೆ. ಕಾಯಿಲ್ ತೀರ ತಣ್ಣಗಾಗಿದೆಯೆಂದು ಅದು ತಿಳಿಸಿದೊಡನೆ ಬೋರ್ಡು ಕಂಪ್ರೆಸರನ್ನು ಕೆಲವು ನಿಮಿಷ ನಿಲ್ಲಿಸುತ್ತದೆ. ಫ್ಯಾನು ಮಾತ್ರ ತಿರುಗಿ ಮಂಜು ಕರಗುತ್ತದೆ. ಬಳಿಕ ಕೆಲಸ ಮತ್ತೆ ಸಾಗುತ್ತದೆ.

ಈ ಸೆನ್ಸರ್ ಎಂದರೆ ಬಹುಮಟ್ಟಿಗೆ ಥರ್ಮಿಸ್ಟರ್ ಎಂಬ ಸಾಸಿವೆ ಕಾಳಿನಷ್ಟು ಮಣಿ. ಎರಡು ತೆಳು ವೈರು, ಮೇಲೊಂದು ಪ್ಲಾಸ್ಟಿಕ್ಕಿನ ಅಥವಾ ತಾಮ್ರದ ಟೋಪಿ. ಲೋಹದ ತಂತಿ ಕಾದರೆ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ಈ ಮಣಿಯಲ್ಲಿ ಅದಕ್ಕೆ ವಿರುದ್ಧವಾಗಿ, ಕಾದರೆ ರೋಧ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ. ಕೆಲವು ಪದಾರ್ಥಗಳ ಈ ವಿಚಿತ್ರ ಗುಣವನ್ನು ಮೈಕೇಲ್ ಫ್ಯಾರಡೆ 1833 ರಲ್ಲಿಯೇ ಬೆಳ್ಳಿಯ ಸಲ್ಫೈಡಿನಲ್ಲಿ ಗಮನಿಸಿದ್ದನು. ಬೋರ್ಡಿಗೆ ಕಣ್ಣಿಲ್ಲ. ಮಣಿಯ ರೋಧ ಎಷ್ಟಿದೆಯೋ ಅದನ್ನೇ ಉಷ್ಣತೆಯೆಂದು ನಂಬಿ ನಡೆಯುತ್ತದೆ.

ಸೆನ್ಸರ್ ಸುಳ್ಳು ಹೇಳುವ ಬಗೆಗಳು

ವೈರು ತುಂಡಾದರೆ ರೋಧ ಅಪಾರವಾಗುತ್ತದೆ. ಬೋರ್ಡು ಅದನ್ನು ಘೋರ ಚಳಿಯೆಂದು ತಿಳಿಯುತ್ತದೆ. ಎರಡು ವೈರು ತಾಗಿಕೊಂಡರೆ ರೋಧ ಸೊನ್ನೆ, ಅಂದರೆ ವಿಪರೀತ ಕಾವು. ಈ ಎರಡೂ ದೋಷಗಳನ್ನು ಬೋರ್ಡೇ ಅಸಹಜವೆಂದು ಗುರುತಿಸಿ ಮುಖಫಲಕದಲ್ಲಿ ಅಕ್ಷರ, ಅಂಕಿ ತೋರಿಸುತ್ತದೆ. ಯಾವ ಅಂಕಿಗೆ ಯಾವ ಅರ್ಥವೆಂಬುದು ಒಂದೊಂದು ತಯಾರಿಕೆಯಲ್ಲಿ ಒಂದೊಂದು ಬಗೆ. ಆದ್ದರಿಂದ ಯಂತ್ರದ ಜೊತೆ ಬಂದ ಪುಸ್ತಿಕೆಯನ್ನು ಎಸೆಯಬಾರದು.

ಕಷ್ಟವಿರುವುದು ಅರೆಬರೆ ಕೆಟ್ಟಾಗ. ಆಗ ಯಾವ ಅಂಕಿಯೂ ಬರುವುದಿಲ್ಲ.

ಸೆನ್ಸರಿನ ತುದಿ ಬೋರ್ಡಿಗೆ ಸೇರುವ ಕನೆಕ್ಟರ್ ಕಿಲುಬು ಹಿಡಿದರೆ ಕಿಲುಬಿನ ರೋಧವೂ ಮಣಿಯ ರೋಧಕ್ಕೆ ಕೂಡುತ್ತದೆ. ಇದ್ದುದಕ್ಕಿಂತ ಹೆಚ್ಚು ಚಳಿಯೆಂಬ ವರದಿ ಹೋಗುತ್ತದೆ. ಕಾಯಿಲಿನ ಮೇಲೆ ಮಂಜು ಇಲ್ಲದಿದ್ದರೂ ಕಂಪ್ರೆಸರ್ ಪದೇ ಪದೇ ನಿಲ್ಲುತ್ತದೆ, ನೀರು ಕಡಮೆಯಾಗುತ್ತದೆ.

ಟೋಪಿಯ ಬಿರುಕಿನಿಂದ ಮಣಿಯೊಳಕ್ಕೆ ನೀರು ಸೇರಿದರೆ ಇದಕ್ಕೆ ವಿರುದ್ಧವಾದ ಸುಳ್ಳು. ವಿದ್ಯುತ್ತಿಗೆ ಮಣಿಯ ಪಕ್ಕದಲ್ಲೇ ಒಂದು ಕಳ್ಳದಾರಿ ತೆರೆಯುತ್ತದೆ, ರೋಧ ಇಳಿಯುತ್ತದೆ, ಕಾಯಿಲ್ ಬೆಚ್ಚಗಿದೆಯೆಂಬ ವರದಿ ಹೋಗುತ್ತದೆ. ಮಂಜು ಕಟ್ಟುತ್ತಲೇ ಇದ್ದರೂ ಬೋರ್ಡು ಕಂಪ್ರೆಸರನ್ನು ನಿಲ್ಲಿಸುವುದಿಲ್ಲ. ಕ್ಲಿಪ್ಪು ಜಾರಿ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿದ್ದರೂ ಇದೇ ಪರಿಣಾಮ: ಅದು ಅಳೆಯುವುದು ಕೊಳವೆಯ ಚಳಿಯನ್ನಲ್ಲ, ಕೋಣೆಯ ಗಾಳಿಯನ್ನು. 300 ವ್ಯಾಟಿನ ಯಂತ್ರ ಹೀಗೆ ಒಂದು ಹಗಲು ಒಂದು ರಾತ್ರಿ ಓಡಿದರೆ ಏಳು ಯೂನಿಟ್ಟಿಗೂ ಮಿಕ್ಕಿ ವಿದ್ಯುತ್ತು ಖರ್ಚಾಗಿ, ಒಂದು ಲೋಟ ನೀರೂ ಸಿಕ್ಕುವುದಿಲ್ಲ.

ಸೆನ್ಸರನ್ನು ದೂರುವ ಮೊದಲು

ಮಂಜು ಕಟ್ಟಿದ್ದಕ್ಕೆಲ್ಲ ಸೆನ್ಸರೇ ಕಾರಣವಲ್ಲ. ಮೊದಲು ಫಿಲ್ಟರನ್ನು ಹೊರತೆಗೆದು ನೋಡಬೇಕು. ಬೀಜದ ಕೋಣೆಯಲ್ಲಿ ಹೊಟ್ಟು, ಧೂಳು ಸಹಜ. ಹದಿನೈದು ದಿನಕ್ಕೊಮ್ಮೆಯಾದರೂ ಫಿಲ್ಟರನ್ನು ತೊಳೆದು ಒಣಗಿಸಿ ಹಾಕಬೇಕು. ಫ್ಯಾನು ನಿಧಾನವಾಗಿದ್ದರೂ, ಯಂತ್ರವನ್ನು ಗೋಡೆಗೆ ಒತ್ತಿ ಇಟ್ಟಿದ್ದರೂ ಗಾಳಿ ಸಾಲದೆ ಮಂಜು ಕಟ್ಟುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಕೋಣೆ 18° ಸೆಂ. ಗಿಂತ ತಣ್ಣಗಾದರೆ ಸರಿಯಾಗಿರುವ ಯಂತ್ರದಲ್ಲಿಯೂ ಮಂಜು ಕಾಣಿಸುವುದುಂಟು. ಅದು ಆಗಾಗ್ಗೆ ತಾನಾಗಿ ಕರಗುತ್ತಿದ್ದರೆ ಚಿಂತೆಯಿಲ್ಲ.

ಗ್ಯಾಸ್ ಕಡಮೆಯಾದಾಗ ಕಾಣುವ ಚಿಹ್ನೆಯೇ ಬೇರೆ. ಕಾಯಿಲಿನ ಮೊದಲ ಒಂದೆರಡು ಸುತ್ತಿನ ಮೇಲೆ ಮಾತ್ರ ಮಂಜು ಇರುತ್ತದೆ. ಉಳಿದ ಭಾಗ ಒಣಗಿ ಬೆಚ್ಚಗಿರುತ್ತದೆ. ಕಾಯಿಲ್ ಪೂರ್ತಿ ಒಂದೇ ಸಮನಾಗಿ ಗಡ್ಡೆಯಾಗಿದ್ದರೆ ಗ್ಯಾಸ್ ಇದೆಯೆಂದೇ ಅರ್ಥ. ದೋಷವನ್ನು ಗಾಳಿಯಲ್ಲಿ ಇಲ್ಲವೆ ಸೆನ್ಸರಿನಲ್ಲಿ ಹುಡುಕಬೇಕು. ಹೇರೋಹಳ್ಳಿಯ ಮನೆಯಲ್ಲಿ ಫಿಲ್ಟರ್ ಶುದ್ಧವಾಗಿತ್ತು, ಫ್ಯಾನು ಜೋರಾಗಿಯೇ ತಿರುಗುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. ಮಂಜನ್ನು ಚಾಕು, ಸ್ಕ್ರೂ ಡ್ರೈವರುಗಳಿಂದ ಕೆರೆಯಲೇಕೂಡದು. ಕೊಳವೆ ತೂತಾದರೆ ಯಂತ್ರ ಮುಗಿದಂತೆ. ಈಚಿನ ಕೆಲವು ಯಂತ್ರಗಳಲ್ಲಿರುವ ಆರ್-290 ಎಂಬುದು ಪ್ರೊಪೇನ್ ಗ್ಯಾಸ್, ಬೆಂಕಿ ಹತ್ತುವಂಥದು. ಪ್ಲಗ್ ಕಿತ್ತು ಒಂದು ರಾತ್ರಿ ಬಿಟ್ಟರೆ ಮಂಜು ತಾನೇ ಕರಗುತ್ತದೆ. ಕೆಳಗೊಂದು ತಟ್ಟೆ ಇಟ್ಟರಾಯಿತು.

ಮಂಜುಗಡ್ಡೆಯ ಪರೀಕ್ಷೆ

ಬೇಕಾಗುವ ಸಾಮಾನು ಒಂದು ಮಲ್ಟಿಮೀಟರ್, ಒಂದು ಸ್ಟೀಲ್ ಲೋಟ, ಪುಡಿ ಮಾಡಿದ ಮಂಜುಗಡ್ಡೆ, ಹಾಲಿಗೆ ಬಳಸುವ ಡೈರಿ ಥರ್ಮಾಮೀಟರು. ಪಂಪ್‌ಸೆಟ್ ರಿಪೇರಿ ಮಾಡುವವರ ಬಳಿ ಮಲ್ಟಿಮೀಟರ್ ಇದ್ದೇ ಇರುತ್ತದೆ.

ಪ್ಲಗ್ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು. ಹತ್ತು ನಿಮಿಷ ಬಿಟ್ಟು ಹಿಂಬದಿಯ ಕವಚ ಬಿಚ್ಚಬೇಕು. ಕಂಪ್ರೆಸರಿನ ಬಳಿಯ ಡಬ್ಬಿಯಾಕಾರದ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೆಯೂ ವಿದ್ಯುತ್ತು ಉಳಿದಿರಬಹುದು. ಅದರ ತುದಿಗಳನ್ನು ಮುಟ್ಟಬಾರದು. ವಿದ್ಯುತ್ ಕೆಲಸ ಪರಿಚಯವಿಲ್ಲದವರು ಕವಚ ಬಿಚ್ಚುವ ಗೋಜಿಗೆ ಹೋಗದೆ, ಈ ಪುಟವನ್ನು ಎಲೆಕ್ಟ್ರೀಷಿಯನ್ನರಿಗೆ ತೋರಿಸಿ ಪರೀಕ್ಷೆ ಮಾಡಿಸುವುದು ಲೇಸು.

ಸೆನ್ಸರ್ ಕೊಳವೆಗೆ ಬಿಗಿಯಾಗಿ ಕೂತಿದೆಯೇ ಎಂಬುದನ್ನು ಮೊದಲು ನೋಡಿರಿ. ಕೂತಿದ್ದರೆ ಅದರ ಜಾಗ ಗುರುತು ಹಾಕಿಕೊಂಡು ಹೊರತೆಗೆಯಿರಿ. ಬೋರ್ಡಿನ ಕಡೆಯ ಕನೆಕ್ಟರನ್ನು, ವೈರು ಹಿಡಿದು ಎಳೆಯದೆ, ಪ್ಲಾಸ್ಟಿಕ್ ಭಾಗ ಹಿಡಿದು ಬಿಡಿಸಿರಿ. ಮಲ್ಟಿಮೀಟರನ್ನು ಓಮ್ ಅಳೆಯುವ 200 ಕಿಲೋ ಓಮ್ ಮಟ್ಟಕ್ಕೆ ತಿರುಗಿಸಿ ಎರಡು ತುದಿಗೆ ಮುಟ್ಟಿಸಿರಿ. ಕೈಬೆರಳು ತುದಿಗಳಿಗೆ ತಾಗಬಾರದು; ತಾಗಿದರೆ ಮೈಯ ರೋಧವೂ ಸೇರಿ ಅಳತೆ ತಪ್ಪಾಗುತ್ತದೆ.

ಬಹಳಷ್ಟು ಯಂತ್ರಗಳಲ್ಲಿರುವುದು 25° ಸೆಂ. ನಲ್ಲಿ 10 ಕಿಲೋ ಓಮ್ ತೋರುವ ಥರ್ಮಿಸ್ಟರ್. ಸಾಮಾನ್ಯ ತಯಾರಿಕೆಯದಾದರೆ ಅದರ ಅಳತೆ ಹೆಚ್ಚುಕಡಮೆ ಹೀಗಿರಬೇಕು:

0° ಸೆಂ. — 32 ರಿಂದ 34 ಕಿಲೋ ಓಮ್
10° ಸೆಂ. — 20
20° ಸೆಂ. — 12.5
25° ಸೆಂ. — 10
30° ಸೆಂ. — 8
40° ಸೆಂ. — 5.3

ಹೇರೋಹಳ್ಳಿಯ ಯಂತ್ರದ ಸೆನ್ಸರ್ 25° ಇದ್ದ ಕೋಣೆಯಲ್ಲಿ 9 ಕಿಲೋ ಓಮ್ ತೋರಿಸಿತು. ಇಷ್ಟಕ್ಕೇ ನಿಲ್ಲಿಸಿದ್ದರೆ 'ಸರಿಯಾಗಿಯೇ ಇದೆ' ಎಂದು ಕವಚ ಮುಚ್ಚಿಬಿಡುತ್ತಿದ್ದೆವು. ಒಂದು ಕಿಲೋ ಓಮಿನ ವ್ಯತ್ಯಾಸವೆಂದರೆ ಎರಡೂವರೆ ಡಿಗ್ರಿ. ಯಾರೂ ದೊಡ್ಡದೆಂದು ಎಣಿಸುವುದಿಲ್ಲ. ರಿಪೇರಿ ಮಾಡುವವರಲ್ಲಿ ಬಹುಮಂದಿ ಎಡವುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಕೋಣೆಯ ಉಷ್ಣತೆಯಲ್ಲಿ ಅಳೆದು, ಸೆನ್ಸರ್ ಸರಿಯಿದೆಯೆಂದು ಬಿಟ್ಟು, ಬೋರ್ಡನ್ನೋ ಕಂಪ್ರೆಸರನ್ನೋ ಬದಲಿಸುತ್ತಾರೆ.

ಪುಡಿ ಮಂಜುಗಡ್ಡೆಯನ್ನು ಲೋಟಕ್ಕೆ ತುಂಬಿ, ಸಂದು ತುಂಬುವಷ್ಟು ಮಾತ್ರ ನೀರು ಸುರಿದು ಕಲಕಿದೆವು. ಇದರ ಉಷ್ಣತೆ ಸರಿಯಾಗಿ 0° ಸೆಂ. ಕುದಿಯುವ ನೀರನ್ನು ಹೀಗೆ ನಂಬುವಂತಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97° ಸೆಂ. ಸುಮಾರಿಗೇ ಕುದಿಯುತ್ತದೆ, ಕರಗುವ ಮಂಜುಗಡ್ಡೆ ಮಾತ್ರ ಮಂಗಳೂರಿನಲ್ಲಿಯೂ ಮಡಿಕೇರಿಯಲ್ಲಿಯೂ ಒಂದೇ. ಸೆನ್ಸರಿಗೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿ, ಲೋಟದ ನಡುವೆ ಮುಳುಗಿಸಿ, ಐದು ನಿಮಿಷ ಕಾದು ಅಳತೆ ನೋಡಿದಾಗ ಬಂದದ್ದು ಇಪ್ಪತ್ನಾಲ್ಕೂವರೆ ಕಿಲೋ ಓಮ್. ಇರಬೇಕಾದ್ದು ಮೂವತ್ಮೂರು.

ಅಂದರೆ ಮಂಜುಗಡ್ಡೆಯಲ್ಲಿ ಮುಳುಗಿದ್ದರೂ ಸೆನ್ಸರ್ ತನ್ನ ಸುತ್ತ 6° ಇದೆಯೆಂದು ವರದಿ ಮಾಡುತ್ತಿತ್ತು. ಆರು ಡಿಗ್ರಿಯಲ್ಲಿ ಮಂಜು ಕಟ್ಟಲಾರದೆಂದು ಬೋರ್ಡು ಕಂಪ್ರೆಸರನ್ನು ಓಡಿಸುತ್ತಲೇ ಇತ್ತು. ಬೋರ್ಡಿನ ತಪ್ಪಿಲ್ಲ.

ಕೋಣೆಯಲ್ಲಿ ಕಾಣದ ದೋಷ ಚಳಿಯಲ್ಲಿ ಇಷ್ಟು ದೊಡ್ಡದಾದದ್ದೇಕೆ? ನೀರು ತೆರೆದ ಕಳ್ಳದಾರಿಯ ರೋಧ ಸುಮಾರು 90 ಕಿಲೋ ಓಮ್ ಎಂದುಕೊಳ್ಳಿ. ಮಣಿಯ ರೋಧ 10 ಇರುವಾಗ ಹೆಚ್ಚಿನ ವಿದ್ಯುತ್ತು ಮಣಿಯ ಮೂಲಕವೇ ಹರಿಯುತ್ತದೆ. ಪಕ್ಕದ ದಾರಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಚಳಿಯಲ್ಲಿ ಮಣಿಯ ರೋಧ ಮೂವತ್ಮೂರಕ್ಕೆ ಏರಿದಾಗ ಅದೇ ಕಳ್ಳದಾರಿಯಲ್ಲಿ ಕಾಲು ಭಾಗಕ್ಕೂ ಮಿಕ್ಕಿ ವಿದ್ಯುತ್ತು ನುಸುಳುತ್ತದೆ. ಕಾಲುವೆಯ ಮುಖ್ಯ ತೂಬನ್ನು ಇಳಿಸಿದಂತೆಲ್ಲ ಬದುವಿನ ಏಡಿ ಬಿಲದಲ್ಲಿ ಹೋಗುವ ನೀರಿನ ಪಾಲು ಹೆಚ್ಚಿದಂತೆ. ಕಾಯಿಲಿನ ಸೆನ್ಸರ್ ಕೆಲಸ ಮಾಡಬೇಕಾದುದೇ ಚಳಿಯಲ್ಲಿ. ಆದ್ದರಿಂದ ಅದನ್ನು ಚಳಿಯಲ್ಲಿಯೇ ಅಳೆಯಬೇಕು.

ನಿಮ್ಮ ಯಂತ್ರದ ಸೆನ್ಸರ್ 10 ಕಿಲೋ ಓಮಿನದಲ್ಲದೆ 5 ರದೋ 20 ರದೋ ಆಗಿದ್ದರೆ? ಆಗ ಅಂಕಿಯನ್ನು ಬಿಟ್ಟು ಪ್ರಮಾಣವನ್ನು ನೋಡಬೇಕು. ಮಂಜುಗಡ್ಡೆಯಲ್ಲಿ ಬರುವ ಅಳತೆ 25° ಯ ಅಳತೆಗೆ ಮೂರರಷ್ಟು ಆಸುಪಾಸು ಇರಬೇಕು. ಡೈರಿ ಥರ್ಮಾಮೀಟರಿನಿಂದ 40° ಗೆ ಹದ ಮಾಡಿದ ಬಿಸಿನೀರಿನಲ್ಲಿ ಬರುವ ಅಳತೆ ಅರ್ಧಕ್ಕೆ ಹತ್ತಿರವಿರಬೇಕು. ಚಳಿಯಲ್ಲಿ ಎರಡೂವರೆ ಪಟ್ಟಿಗಿಂತ ಕಡಮೆ ಬಂದರೆ ನೀರು ಹೊಕ್ಕಿದೆಯೆಂದು ಸಂಶಯಪಡಬಹುದು. ಸೆನ್ಸರ್ ಸರಿಯಾಗಿದ್ದರೆ ಅದನ್ನು ಕನೆಕ್ಟರಿಗೆ ಮತ್ತೆ ಸೇರಿಸುವ ಮೊದಲು ಪಿನ್ನುಗಳ ಕಿಲುಬನ್ನು ಒರೆಸಿ ತೆಗೆಯಿರಿ. ಎಷ್ಟೋ ವೇಳೆ ಇಷ್ಟರಿಂದಲೇ ಯಂತ್ರ ಸರಿಹೋಗುತ್ತದೆ.

ಹೊಸದನ್ನು ಹಾಕುವಾಗ

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿಯೂ, ಏರ್ ಕಂಡೀಷನರ್ ಬಿಡಿಭಾಗಗಳ ಅಂಗಡಿಗಳಲ್ಲಿಯೂ ಇಂತಹ ಸೆನ್ಸರ್ ಸಿಕ್ಕುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಬೇಕು. 25° ಯ ರೋಧ ಒಂದೇ ಆಗಿದ್ದರೆ ಸಾಲದು. ಬಿ ಎಂದು ನಮೂದಿಸಿರುವ ಅಂಕಿಯೂ, ಉದಾಹರಣೆಗೆ 3950, ಯಂತ್ರಕ್ಕೆ ಹೊಂದಬೇಕು. ಕೊಂಡ ಮೇಲೆ ಅದನ್ನೂ ಮಂಜುಗಡ್ಡೆಯಲ್ಲಿ ಅಳೆದು ನೋಡಿಯೇ ಜೋಡಿಸಿರಿ.

ವೈರು ಬೆಸುಗೆ ಹಾಕಬೇಕಾದರೆ ಬೆಸುಗೆಯ ಜಾಗ ಕಾಯಿಲಿನಿಂದ ದೂರ, ಒಣ ಭಾಗದಲ್ಲಿರಲಿ; ಮೇಲೆ ತೋಳು ಹಾಕಿ ಮುಚ್ಚಿರಿ. ಥರ್ಮಿಸ್ಟರಿಗೆ ಎಡ ಬಲವಿಲ್ಲ, ಯಾವ ವೈರನ್ನು ಯಾವ ಕಡೆಗೆ ಕೊಟ್ಟರೂ ಆದೀತು. ಹಳೆಯದು ಇದ್ದ ಜಾಗದಲ್ಲಿಯೇ ಕೊಳವೆಗೆ ಒತ್ತಿಕೊಳ್ಳುವಂತೆ ಕ್ಲಿಪ್ಪು ಹಾಕಿ, ವೈರು ಕೆಳಮುಖವಾಗಿ ಇಳಿಯುವಂತೆ ಬಿಡಿರಿ. ಮೇಲ್ಮುಖವಾಗಿದ್ದರೆ ಹನಿಗಳು ವೈರಿನ ಗುಂಟ ಮಣಿಗೇ ಇಳಿಯುತ್ತವೆ.

ಗಾಳಿಯ ಸೆನ್ಸರಿನ ಒಂದು ಮಾತು

ಕೋಣೆಯ ತೇವವನ್ನು ಅಳೆಯಲು ಯಂತ್ರದಲ್ಲಿ ಇನ್ನೊಂದು ಸೆನ್ಸರಿದೆ. ಇದು ಕೆಡದಿದ್ದರೂ ಸುತ್ತಲಿನ ಕಾವಿನಿಂದ ಮೋಸಹೋಗುತ್ತದೆ. ಗಾಳಿ 1° ಬೆಚ್ಚಗಾದರೆ ಅದು ಹಿಡಿಯಬಲ್ಲ ಆವಿ ಸುಮಾರು ಶೇ. 6 ರಷ್ಟು ಹೆಚ್ಚುತ್ತದೆ. ಹಾಗಾಗಿ ಶೇ. 70 ಸಾಪೇಕ್ಷ ಆರ್ದ್ರತೆಯಿರುವ ಕೋಣೆಯಲ್ಲಿ ಸೆನ್ಸರಿನ ಬಳಿ ಮಾತ್ರ 2° ಹೆಚ್ಚಿದ್ದರೆ ಅದು ಶೇ. 62 ಎಂದು ತೋರಿಸುತ್ತದೆ. ಯಂತ್ರವನ್ನು ಮೂಲೆಗೆ ತಳ್ಳಿ, ಚೀಲಗಳ ನಡುವೆ ಸಿಕ್ಕಿಸಿದರೆ ಹೊರಬಿಟ್ಟ ಬಿಸಿಗಾಳಿ ತಿರುಗಿ ಬಂದು ಹೀಗಾಗುತ್ತದೆ. ಕೋಣೆ ಒಣಗುವ ಮೊದಲೇ ಯಂತ್ರ ನಿಲ್ಲುತ್ತದೆ. ಸುತ್ತಲೂ ಒಂದು ಮೊಳ ಜಾಗ ಬಿಡಬೇಕು.

ಕೋಣೆಯಲ್ಲಿ ಬೇರೆಯಾಗಿ ಒಂದು ತೇವಮಾಪಕವಿರಲಿ. ಅದನ್ನು ಪರೀಕ್ಷಿಸಲು ಅಡಿಗೆಯ ಉಪ್ಪು ಸಾಕು. ಬಟ್ಟಲಿನಲ್ಲಿ ಉಪ್ಪಿಗೆ ಸ್ವಲ್ಪ ನೀರು ಬೆರೆಸಿ, ಪೂರ್ತಿ ಕರಗದೆ ಹಸಿ ಮರಳಿನಂತಾದಾಗ ಮಾಪಕದ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿರಿ. ಎಂಟು ಹತ್ತು ಗಂಟೆಯ ನಂತರ ಅದು ಶೇ. 75 ತೋರಿಸಬೇಕು. ಎಷ್ಟು ಹೆಚ್ಚು ಕಡಮೆ ಇದೆಯೋ ಅದನ್ನು ಬರೆದು ಮಾಪಕಕ್ಕೆ ಅಂಟಿಸಿ, ಮುಂದೆ ಕಳೆದೋ ಕೂಡಿಯೋ ಓದಿಕೊಳ್ಳಿರಿ.

ಯಂತ್ರ ರಿಪೇರಿಗೆ ಹೋದಾಗ ಬೀಜದ ಗತಿ

ತೇವ ಹೀರಿದ ಬೀಜವನ್ನು ಹಾಗೆಯೇ ಡಬ್ಬದಲ್ಲಿ ಮುಚ್ಚಿಡುವುದು ತೆರೆದಿಡುವುದಕ್ಕಿಂತ ಕೆಟ್ಟದ್ದು. ಮಳೆ ಬಿಟ್ಟ ದಿನ ಬೆಳಗಿನ ಎಳೆ ಬಿಸಿಲಿನಲ್ಲಿ ತೆಳುವಾಗಿ ಹರಡಿ, ಮಧ್ಯಾಹ್ನದ ಬಿಸಿಲೇರುವ ಮೊದಲೇ ನೆರಳಿಗೆ ತನ್ನಿರಿ. ಮಳೆ ಬಿಡದಿದ್ದರೆ ತೆಳು ಬಟ್ಟೆಯ ಗಂಟಿನಲ್ಲಿ ಬೀಜ ಕಟ್ಟಿ, ಬಾಣಲೆಯಲ್ಲಿ ಹುರಿದು ಆರಿಸಿದ ಕಟ್ಟಿಗೆಯ ಬೂದಿಯ ನಡುವೆ, ಬಿಗಿ ಮುಚ್ಚಳದ ಡಬ್ಬದಲ್ಲಿಡಬಹುದು. ಬೂದಿ ಬೀಜದಷ್ಟೇ ತೂಕವಿರಲಿ. ವಾರಕ್ಕೊಮ್ಮೆ ಬೂದಿಯನ್ನು ಮತ್ತೆ ಹುರಿಯಬೇಕು. ನೀಲಿ ಸಿಲಿಕಾ ಜೆಲ್ ಇದ್ದರೆ ಇನ್ನೂ ಉತ್ತಮ. ತೇವ ತುಂಬಿದಾಗ ಅದು ನಸುಗೆಂಪಾಗುತ್ತದೆ, ಕಾಯಿಸಿದರೆ ಪುನಃ ನೀಲಿಯಾಗುತ್ತದೆ. ಅದರ ಬಣ್ಣ ವಿಷಕಾರಿಯಾದ್ದರಿಂದ ತಿನ್ನುವ ಕಾಳಿನ ಜೊತೆಗೆ ಹಾಕಬಾರದು, ಅಡಿಗೆಯ ಪಾತ್ರೆಯಲ್ಲಿ ಕಾಯಿಸಲೂಬಾರದು.

ಹೇರೋಹಳ್ಳಿಯಲ್ಲಿ ಸೆನ್ಸರ್ ಬದಲಾದ ಮರುದಿನ ಬೆಳಿಗ್ಗೆ ಬಕೆಟಿನಲ್ಲಿ ನೀರು ನಿಂತಿತ್ತು. ಆದರೆ ನಾಲ್ಕು ದಿನ ಮೆತ್ತಗಾಗಿದ್ದ ಬೀಜ ಏನಾಗಿದೆಯೆಂಬುದನ್ನು ಯಂತ್ರ ಹೇಳಲಾರದು. ಅದಕ್ಕೆ ಮೊಳಕೆ ಪರೀಕ್ಷೆಯೇ ಬೇಕು. ಒಂದೊಂದು ಬಗೆಯಲ್ಲಿಯೂ ಆರಿಸದೆ 100 ಬೀಜ ಎಣಿಸಿ, ಒದ್ದೆ ಕಾಗದದಲ್ಲಿ ಸುರುಳಿ ಸುತ್ತಿ ಇಟ್ಟು ಬಂದೆವು. ರಾಗಿಯನ್ನು 8 ನೆಯ ದಿನ, ಅವರೆಯನ್ನು 10 ನೆಯ ದಿನ, ಟೊಮೆಟೊ ಮತ್ತು ಮೆಣಸಿನಕಾಯಿಯನ್ನು 14 ನೆಯ ದಿನ ಕೊನೆಯದಾಗಿ ಎಣಿಸಬೇಕು. ರಾಗಿ 75, ಟೊಮೆಟೊ 70, ಮೆಣಸಿನಕಾಯಿ 60 ಕ್ಕೆ ಕಡಮೆಯಿಲ್ಲದೆ ಮೊಳೆತರೆ ಪ್ರಮಾಣಿತ ಬೀಜದ ಮಟ್ಟಕ್ಕಿದೆಯೆಂದು ಭಾವಿಸಿ ಬಿತ್ತಬಹುದು. ಸ್ವಲ್ಪ ಕಡಮೆ ಬಂದರೆ ಸಸಿಮಡಿಗೆ ಅದೇ ಪ್ರಮಾಣದಲ್ಲಿ ಬೀಜ ಹೆಚ್ಚಿಸಿರಿ. ಅರ್ಧಕ್ಕೂ ಇಳಿದಿದ್ದರೆ, ಮೊಳೆತ ಸಸಿಗಳೂ ನಿಸ್ಸಾರವಾಗಿರುವುದರಿಂದ, ಹಂಗಾಮಿಗೆ ಮುಂಚೆಯೇ ಹೊಸ ಬೀಜಕ್ಕೆ ಏರ್ಪಾಡು ಮಾಡಿಕೊಳ್ಳಿರಿ.